ಕೆರೆಯ ಲೆಕ್ಕ, ಹೊಗೆಯ ಲೆಕ್ಕ: ಅರಸೀಕೆರೆ ಸೀಮೆಯ ಹಳೇ ಪಾಠ

ಕಳೆದ ಬೇಸಿಗೆಯಲ್ಲಿ ಕೊಬ್ಬರಿ ಧಾರಣೆಯ ಸುದ್ದಿಗೆಂದು ಅರಸೀಕೆರೆಗೆ ಹೋಗಿದ್ದೆವು. ಬಸ್‌ ಸ್ಟ್ಯಾಂಡ್ ಪಕ್ಕದ ಟೀ ಅಂಗಡಿಯಲ್ಲಿ ಜೋರು ವಾದ ನಡೆದಿತ್ತು. ಟಿವಿಯಲ್ಲಿ ಯಾರೋ ಕಾರ್ಬನ್, ತಾಪಮಾನ ಎಂದು ಮಾತಾಡುತ್ತಿದ್ದರು. ತೆಂಗಿನ ತೋಟದ ಹಿರಿಯರೊಬ್ಬರಿಗೆ ಸಿಟ್ಟು ಬಂದಿತ್ತು. "ಹೊಗೆ ಬಿಟ್ಟೋರು ಯಾರೋ, ತೆಂಗು ಒಣಗಿದ್ದು ನಮ್ದು. ಈಗ ಜವಾಬ್ದಾರಿನೂ ನಾವೇ ಹೊರಬೇಕಾ?" ಅಂದರು. ಎದುರಿಗೆ ಕೂತಿದ್ದ ಹುಡುಗ ಬಿಡಲಿಲ್ಲ. "ಹಂಗಂತ ಎಲ್ರೂ ಕೈಕಟ್ಟಿ ಕೂತ್ರೆ ಮಳೆ ಬರುತ್ತಾ ದೊಡ್ಡಪ್ಪ?" ಎಂದು ಕೇಳಿದ.

ಟೀ ಮುಗಿಯಿತು, ವಾದ ಮುಗಿಯಲಿಲ್ಲ. ಇಬ್ಬರ ಮಾತೂ ಸರಿ ಅನ್ನಿಸಿತು. ಊರಿಗೆ ಬರುವಾಗ ಬಸ್ಸಿನಲ್ಲಿ ನಮ್ಮ ನಮ್ಮಲ್ಲೇ ಮಾತು ಮುಂದುವರಿಯಿತು. ಎಲ್ಲರಿಗೂ ಸೇರಿದ ಒಂದು ಕಷ್ಟಕ್ಕೆ ಯಾರ ಪಾಲು ಎಷ್ಟು ಎಂದು ನಮ್ಮ ಸೀಮೆಯಲ್ಲಿ ಹಿಂದೆ ಯಾರಾದರೂ ಲೆಕ್ಕ ಹಾಕಿದ್ದರೇ? ಹುಡುಕುತ್ತಾ ಹೋದರೆ ಉತ್ತರ ಊರ ಹೆಸರಿನಲ್ಲೇ ಇತ್ತು.

ಅರಸಿಯ ಕೆರೆ

ಅರಸೀಕೆರೆ ಎಂದರೆ ಅರಸಿಯ ಕೆರೆ, ರಾಣಿಯ ಕೆರೆ. ಹಳೇಬೀಡಿನ ಹಳೆಯ ಹೆಸರು ದೋರಸಮುದ್ರ. ಅದೂ ಕೆರೆಯಿಂದಲೇ ಬಂದ ಹೆಸರು. ಹೊಯ್ಸಳರು ತಮ್ಮ ರಾಜಧಾನಿಯನ್ನು ದೊಡ್ಡ ನದಿಯ ದಡದಲ್ಲಿ ಕಟ್ಟಲಿಲ್ಲ, ಕೆರೆಯ ಪಕ್ಕದಲ್ಲಿ ಕಟ್ಟಿದರು.

ಈ ಮೂರೂ ಊರುಗಳ ದೇವಸ್ಥಾನ ಎಲ್ಲರಿಗೂ ಗೊತ್ತು. ಬೇಲೂರಿನ ಚೆನ್ನಕೇಶವ ದೇವಾಲಯ 1117ರದ್ದು. ಹಳೇಬೀಡಿನ ಹೊಯ್ಸಳೇಶ್ವರ ಅದರ ಹಿಂದೆಯೇ ಎದ್ದಿತು. ಅರಸೀಕೆರೆಯ ಶಿವಾಲಯ 1220ರ ಸುಮಾರಿನದು. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಕಲ್ಲಿನ ಕೆಲಸಕ್ಕೆ ಮೆಚ್ಚುಗೆ ಬಂತು. ಆ ಕಲ್ಲು ಕೆತ್ತಿದವರಿಗೆ ಅನ್ನ ಕೊಟ್ಟ ಕೆರೆಗಳ ಮಾತು ಅಷ್ಟಾಗಿ ಯಾರೂ ಆಡಲಿಲ್ಲ.

ಬೇಲೂರು ಮಲೆನಾಡಿನ ಅಂಚು. ಅಲ್ಲಿಂದ 16 ಕಿಲೋಮೀಟರ್ ಪೂರ್ವಕ್ಕೆ ಹಳೇಬೀಡು. ಇನ್ನೂ ಪೂರ್ವಕ್ಕೆ ಬಂದರೆ ಅರಸೀಕೆರೆಯ ಬಯಲು. ಒಂದೊಂದು ಹೋಬಳಿ ದಾಟಿದಂತೆ ಮಳೆ ಕಡಿಮೆಯಾಗುತ್ತದೆ. ಬಿದ್ದ ಮಳೆಯನ್ನು ಹಿಡಿದಿಟ್ಟವನೇ ಇಲ್ಲಿ ಉಳಿಯಬಲ್ಲ. ಅದಕ್ಕೇ ಊರಿಗೊಂದು ಕೆರೆ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು.

ಕೆರೆ ಕಟ್ಟುವುದು ಒಂದು ಸಲದ ಕೆಲಸ. ಉಳಿಸಿಕೊಳ್ಳುವುದು ಪ್ರತಿ ವರ್ಷದ ಕೆಲಸ. ಹೂಳು ತೆಗೆಯಬೇಕು, ಏರಿ ಗಟ್ಟಿ ಮಾಡಬೇಕು, ತೂಬು ನೋಡಬೇಕು. ಇದಕ್ಕೆ ದುಡ್ಡು, ಆಳು ಎಲ್ಲಿಂದ? ಕನ್ನಡದ ಹಳೆಯ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಕೆರೆ ಕಟ್ಟಿದವರಿಗೆ, ನೋಡಿಕೊಳ್ಳುವವರಿಗೆ ಬಿಟ್ಟುಕೊಟ್ಟ ಭೂಮಿ ಅಥವಾ ಬೆಳೆಯ ಪಾಲು ಅವು. ಕೆರೆ ಉಪಯೋಗಿಸುವ ಊರೇ ಕೆರೆಗೆ ಇಂತಿಷ್ಟು ಎಂದು ಎತ್ತಿಡುತ್ತಿತ್ತು.

ನಮ್ಮ ಅಜ್ಜಂದಿರ ಕಾಲದವರೆಗೂ ಅನೇಕ ಊರುಗಳಲ್ಲಿ ಒಂದು ರೂಢಿ ಇತ್ತು. ಅಚ್ಚುಕಟ್ಟಿನಲ್ಲಿ ಹೆಚ್ಚು ಗದ್ದೆ ಇದ್ದವನು ಕೆರೆ ಕೆಲಸಕ್ಕೆ ಹೆಚ್ಚು ಆಳು ಕಳಿಸಬೇಕು. ಕಡಿಮೆ ಇದ್ದವನು ಕಡಿಮೆ. ಯಾರಿಗೆ ಯಾವಾಗ ನೀರು ಎಂದು ನೀರುಗಂಟಿ ನೋಡಿಕೊಳ್ಳುತ್ತಿದ್ದ. 1911ರಲ್ಲಿ ಮೈಸೂರು ಸಂಸ್ಥಾನ ಕೆರೆ ಪಂಚಾಯ್ತಿಗಳಿಗೆಂದೇ ಕಾನೂನು ತಂದಿತು.

ಇದೆಲ್ಲ ಚಿನ್ನದ ಕಾಲ ಎಂದು ನಾವು ಹೇಳುತ್ತಿಲ್ಲ. ಹೂಳು ಹೊತ್ತವರಲ್ಲಿ ಗುಂಟೆ ಗದ್ದೆಯೂ ಇಲ್ಲದವರಿದ್ದರು. ಊರಿಗೆಲ್ಲ ನೀರು ಹಂಚಿದ ನೀರುಗಂಟಿಯನ್ನು ಊರ ಬಾವಿಯ ಹತ್ತಿರ ಬಿಡದ ಊರುಗಳಿದ್ದವು. ಜವಾಬ್ದಾರಿ ಹಂಚುವಾಗ ಕೆಳಗಿನವನ ಹೆಗಲಿಗೇ ಭಾರ ಜಾರುತ್ತದೆ ಎಂಬುದೂ ಕೆರೆಯ ಚರಿತ್ರೆಯೇ ಹೇಳುವ ಮಾತು. ಇದನ್ನು ನೆನಪಿಟ್ಟುಕೊಂಡು ಮುಂದೆ ಹೋಗೋಣ.

ರೈಲು ಬಂತು, ಸೀಮೆಎಣ್ಣೆ ಬಂತು

1880ರ ದಶಕದ ಕೊನೆಯ ಹೊತ್ತಿಗೆ ಬೆಂಗಳೂರಿನಿಂದ ತುಮಕೂರು, ಅರಸೀಕೆರೆ ಮೇಲೆ ಹರಿಹರದ ಕಡೆಗೆ ರೈಲು ಹಳಿ ಬಿತ್ತು. ಮುಂದಿನ ಶತಮಾನದಲ್ಲಿ ಹಾಸನ, ಮೈಸೂರಿನ ದಾರಿಯೂ ಕೂಡಿ ಅರಸೀಕೆರೆ ಜಂಕ್ಷನ್ ಆಯಿತು. ಕೊಬ್ಬರಿ ದೂರದೂರಿಗೆ ಹೋಯಿತು. ರೈಲಿನ ಜೊತೆ ಹೊಗೆಯೂ ಬಂತು. ಆಗಿನ ಉಗಿಬಂಡಿಗಳು ಕಲ್ಲಿದ್ದಲು ಉರಿಸುತ್ತಿದ್ದವು. ದಕ್ಷಿಣದ ಕಡೆ ಸೌದೆಯನ್ನೂ ಉರಿಸುತ್ತಿದ್ದವು. ಹಳಿಯ ಕೆಳಗಿನ ದಿಮ್ಮಿಗೂ ಒಲೆಗೂ ಕಾಡಿನ ಮರವೇ ಬೇಕಿತ್ತು.

ಅರಸೀಕೆರೆಗೆ ರೈಲು ಬಂದು ಹತ್ತು ವರ್ಷ ತುಂಬುವ ಮೊದಲೇ, 1896ರಲ್ಲಿ, ಸ್ವೀಡನ್ನಿನ ವಿಜ್ಞಾನಿ ಸ್ವಾಂಟೆ ಅರ‍್ಹೇನಿಯಸ್ ಒಂದು ಲೆಕ್ಕ ಹಾಕಿದರು. ಕಲ್ಲಿದ್ದಲು ಉರಿದು ಗಾಳಿಗೆ ಸೇರುವ ಕಾರ್ಬನ್ ಡೈಆಕ್ಸೈಡ್ ಹೆಚ್ಚಾದರೆ ಭೂಮಿ ಬಿಸಿಯಾಗುತ್ತದೆ ಎಂದು ಬರೆದರು. ರಾತ್ರಿ ಹೊದ್ದ ಕಂಬಳಿ ಮೈಯ ಕಾವನ್ನು ಹೊರಗೆ ಬಿಡದ ಹಾಗೆ ಈ ಅನಿಲ ಭೂಮಿಯ ಕಾವನ್ನು ಹಿಡಿಯುತ್ತದೆ. ಆಗ ಅದನ್ನು ಯಾರೂ ದೊಡ್ಡದು ಮಾಡಲಿಲ್ಲ.

ಅದೇ ಕಾಲದಲ್ಲಿ ನಮ್ಮ ಮನೆಗಳಿಗೆ ಇನ್ನೊಂದು ವಸ್ತು ಬಂತು. ಹೆಸರೇ ಅದರ ಜಾತಕ ಹೇಳುತ್ತದೆ: ಸೀಮೆಎಣ್ಣೆ. ಸೀಮೆಸುಣ್ಣ, ಸೀಮೆಹಸುವಿನ ಹಾಗೆ ಇದೂ ಹೊರಗಿನಿಂದ ಬಂದದ್ದು. ಅದಕ್ಕೂ ಮುಂಚೆ ನಮ್ಮ ಹಳ್ಳಿಗಳಲ್ಲಿ ದೀಪಕ್ಕೆ ಹೊಂಗೆಣ್ಣೆ, ಹರಳೆಣ್ಣೆ ಹಾಕುತ್ತಿದ್ದರು. ಹೊಂಗೆ ಮರ ಬದುವಿನಲ್ಲಿತ್ತು, ಕೆರೆ ಏರಿಯ ಮೇಲಿತ್ತು, ರಸ್ತೆ ಪಕ್ಕದಲ್ಲಿತ್ತು. ಸೊಪ್ಪು ಗದ್ದೆಗೆ ಗೊಬ್ಬರ, ಬೀಜ ಗಾಣಕ್ಕೆ, ಹಿಂಡಿ ಮತ್ತೆ ಹೊಲಕ್ಕೆ.

ಹೊಂಗೆಣ್ಣೆ ದೀಪವೂ ಹೊಗೆ ಬಿಡುತ್ತಿತ್ತು, ಸೀಮೆಎಣ್ಣೆ ಬುಡ್ಡಿಯೂ ಬಿಡುತ್ತಿತ್ತು. ಆದರೆ ಎರಡರ ಲೆಕ್ಕ ಬೇರೆ. ಹೊಂಗೆಣ್ಣೆಯಲ್ಲಿರುವ ಕಾರ್ಬನ್ ಕೆಲವೇ ವರ್ಷದ ಹಿಂದೆ ಆ ಮರ ಗಾಳಿಯಿಂದ ಹೀರಿದ್ದು. ಮರ ಉಳಿದರೆ ಅದನ್ನು ಮತ್ತೆ ಹೀರುತ್ತದೆ. ಸೀಮೆಎಣ್ಣೆ, ಡೀಸೆಲ್, ಕಲ್ಲಿದ್ದಲಿನ ಕಾರ್ಬನ್ ಕೋಟ್ಯಂತರ ವರ್ಷ ನೆಲದೊಳಗೆ ಹೂತಿದ್ದದ್ದು. ಅದನ್ನು ತೆಗೆದು ಉರಿಸಿದರೆ ಗಾಳಿಗೆ ಹೊಸದಾಗಿ ಸಾಲ ಮಾಡಿದಂತೆ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ.

ಅಸ್ತ್ರ ಒಲೆ ಮತ್ತು ಪುರ ಎಂಬ ಹಳ್ಳಿ

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 'ಅಸ್ತ್ರ' ಎಂಬ ಕೇಂದ್ರ ಶುರುವಾಯಿತು. ವಿಜ್ಞಾನವನ್ನು ಹಳ್ಳಿಗೆ ತರಬೇಕು ಎಂಬುದು ಅದರ ಉದ್ದೇಶ. ಮುಂದೆ ನಿಂತವರು ಪ್ರೊ. ಎ.ಕೆ.ಎನ್. ರೆಡ್ಡಿ. ನಮ್ಮ ಪಕ್ಕದ ತುಮಕೂರು ಜಿಲ್ಲೆಯ ಉಂಗ್ರದಲ್ಲಿ ಅವರು ಕೆಲಸ ಆರಂಭಿಸಿದರು. ಮೊದಲು ಯಂತ್ರ ತರಲಿಲ್ಲ. ಯಾರ ಮನೆಯಲ್ಲಿ ಎಷ್ಟು ಸೌದೆ ಉರಿಯುತ್ತದೆ, ಯಾರು ಎಷ್ಟು ಹೊತ್ತು ದುಡಿಯುತ್ತಾರೆ ಎಂದು ಲೆಕ್ಕ ಮಾಡಿದರು. ಹಳ್ಳಿಯ ಇಂಧನವೆಂದರೆ ಬಹುಪಾಲು ಸೌದೆ, ಆ ಸೌದೆಯ ಹಿಂದೆ ಹೆಂಗಸರ ಮತ್ತು ಮಕ್ಕಳ ಬೆನ್ನು ಎಂಬುದು ಆ ಲೆಕ್ಕದಲ್ಲಿ ಕಂಡಿತು.

ಅದರಿಂದ ಹುಟ್ಟಿದ್ದು ಅಸ್ತ್ರ ಒಲೆ. ಮಣ್ಣಿನ ಒಲೆ, ಸಾಲಾಗಿ ಪಾತ್ರೆ ಇಡುವ ಕಣ್ಣುಗಳು, ಕೆಳಗೆ ಜಾಲರಿ, ಹೊಗೆ ಹೋಗಲು ಕೊಳವೆ. ಕಡಿಮೆ ಸೌದೆ, ಅಡಿಗೆ ಮನೆಯಲ್ಲಿ ಕಡಿಮೆ ಹೊಗೆ. 1980ರ ದಶಕದಲ್ಲಿ ರಾಜ್ಯದ ಊರೂರಿಗೂ ಹೋಯಿತು.

ನಮ್ಮಲ್ಲೊಬ್ಬರ ಮನೆಯಲ್ಲೂ ಒಂದಿತ್ತು. ಕೆಲವು ವರ್ಷ ಚೆನ್ನಾಗಿ ಉರಿಯಿತು. ಆಮೇಲೆ ಕೊಳವೆಯಲ್ಲಿ ಮಸಿ ಕಟ್ಟಿಕೊಂಡಿತು, ತೆಗೆದುಕೊಡುವವರು ಬರಲಿಲ್ಲ. ಮುದ್ದೆ ತೊಳಸಲು ಪಾತ್ರೆ ಕದಲದೆ ನಿಲ್ಲಬೇಕು, ಒಡೆದ ಕಣ್ಣಿನ ಮೇಲೆ ಅದು ನಿಲ್ಲುತ್ತಿರಲಿಲ್ಲ. ಒಂದು ದಿನ ಅಮ್ಮ ಅದನ್ನು ಒಡೆದು ಮೂರು ಕಲ್ಲಿನ ಒಲೆ ಹೂಡಿದರು. ಒಲೆ ಕೊಡುವವರಿದ್ದರು, ರಿಪೇರಿ ಮಾಡುವವರಿರಲಿಲ್ಲ. ತೂಬು ಕಟ್ಟಿಸಿ ನೀರುಗಂಟಿಯನ್ನು ನೇಮಿಸದ ಕೆರೆಯ ಹಾಗಾಯಿತು.

ಅದೇ ಕುಣಿಗಲ್ ಕಡೆಯ ಪುರ ಎಂಬ ಹಳ್ಳಿಯ ಕಥೆ ಇನ್ನೂ ಸ್ವಾರಸ್ಯ. ಅಲ್ಲಿ ಊರಿಗೆಲ್ಲ ಸೇರಿ ಒಂದು ಗೋಬರ್ ಗ್ಯಾಸ್ ಘಟಕ ಕಟ್ಟಿದರು. ಅಡಿಗೆಗೆ ಗ್ಯಾಸ್ ಕೊಡಬೇಕೆಂಬುದು ಯೋಚನೆ. ಸಗಣಿ ಸಾಲಲಿಲ್ಲ, ಯೋಜನೆ ನಿಂತಿತು. ಆಮೇಲೆ ಊರಿನವರನ್ನು ಕೂರಿಸಿ, ನಿಮಗೆ ಮೊದಲು ಏನು ಬೇಕು ಎಂದು ಕೇಳಿದರು. ನೀರು ಬೇಕು, ಬೆಳಕು ಬೇಕು ಎಂಬ ಉತ್ತರ ಬಂತು. 1987ರಿಂದ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ ಕರೆಂಟ್ ಮಾಡಿದರು. ಬೋರ್‌ವೆಲ್ ನೀರು ನಲ್ಲಿಗೆ ಬಂತು, ಮನೆಗಳಲ್ಲಿ ಬಲ್ಬು ಉರಿಯಿತು. ಮನೆಮನೆಯವರು ಸಗಣಿ ತಂದು ತೂಗಿ ಹಾಕುತ್ತಿದ್ದರು, ತೂಕಕ್ಕೆ ತಕ್ಕ ಕಾಸು, ಬಗ್ಗಡ ಮತ್ತೆ ಗೊಬ್ಬರಕ್ಕೆ ವಾಪಸ್. ಸುಮಾರು ಒಂಬತ್ತು ವರ್ಷ ಅದು ನಡೆಯಿತು.

ಒಂದೇ ಊರು, ಒಂದೇ ಘಟಕ. ಕೇಳದೆ ಮಾಡಿದಾಗ ನಿಂತಿತು, ಕೇಳಿ ಮಾಡಿದಾಗ ನಡೆಯಿತು.

ಹೊಂಗೆ ಮತ್ತೆ ಬಂತು

1900ರ ಪ್ಯಾರಿಸ್ ಪ್ರದರ್ಶನದಲ್ಲಿ ಒಂದು ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತು. ಅಂದರೆ ಗಿಡದ ಎಣ್ಣೆಗೆ ಎಂಜಿನ್ ತಿರುಗುತ್ತದೆ ಎಂಬುದು ಹೊಸ ವಿಷಯವಲ್ಲ, ಜಗತ್ತು ಮರೆತ ವಿಷಯ. 1990ರ ದಶಕದ ಕೊನೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಉಡುಪಿ ಶ್ರೀನಿವಾಸ ಮತ್ತು ಸಂಗಡಿಗರು ಕಗ್ಗನಹಳ್ಳಿ ಸುತ್ತ ಹೊಂಗೆಣ್ಣೆಯಿಂದ ಜನರೇಟರ್ ಓಡಿಸಿ ಬೋರ್‌ವೆಲ್ ನೀರೆತ್ತಿ ತೋರಿಸಿದರು.

ನಮ್ಮ ಜಿಲ್ಲೆಯ ಸರದಿ 2007ರ ಸುಮಾರಿಗೆ ಬಂತು. ಹಾಸನದ ಬಳಿಯ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಜೈವಿಕ ಇಂಧನ ಪಾರ್ಕ್ ಆರಂಭಿಸಿತು. ಹೊಂಗೆ, ಬೇವು, ಹಿಪ್ಪೆ, ಸಿಮರೂಬ ಸಸಿ ಹಂಚಿದರು. ಹೊಲ ಬಿಟ್ಟುಕೊಡುವುದು ಬೇಡ, ಬದುವಿನಲ್ಲಿ ನೆಡಿ, ಬೀಜ ತನ್ನಿ ಎಂಬುದು ತಿರುಳು. ಊಟದ ಬೆಳೆಗೂ ಇಂಧನಕ್ಕೂ ಜಗಳವಿಲ್ಲದ ದಾರಿ ಅದು. 2009ರಲ್ಲಿ ಕೇಂದ್ರ ಸರ್ಕಾರದ ಜೈವಿಕ ಇಂಧನ ನೀತಿ 2017ರೊಳಗೆ ಶೇಕಡಾ 20ರಷ್ಟು ಮಿಶ್ರಣದ ಗುರಿ ಇಟ್ಟಿತು. ರಾಜ್ಯದಲ್ಲೂ ಮಂಡಳಿ ಬಂತು, 'ಬರಡು ಬಂಗಾರ', 'ಹಸಿರು ಹೊನ್ನು' ಎಂದು ಯೋಜನೆಗಳಿಗೆ ಚೆಂದದ ಹೆಸರು ಬಂತು.

ಆದರೆ ಬಯೋಡೀಸೆಲ್ ಆ ಗುರಿಯ ಹತ್ತಿರಕ್ಕೂ ಹೋಗಲಿಲ್ಲ. 2018ರ ಹೊಸ ನೀತಿ ಅದರ ಗುರಿಯನ್ನು ಶೇಕಡಾ 5ಕ್ಕೆ ಇಳಿಸಿ, 2030ಕ್ಕೆ ಮುಂದೂಡಿತು.

ಕಾರಣ ತಿಳಿಯಲು ದೊಡ್ಡ ವರದಿ ಬೇಡ. ಹೊಂಗೆ ನೆಟ್ಟ ಮೇಲೆ ಬೀಜ ಬರಲು ವರ್ಷಗಟ್ಟಲೆ ಕಾಯಬೇಕು. ಕಾಯಿ ಆಯುವುದು, ಒಣಗಿಸುವುದು, ಕುಟ್ಟಿ ಬೀಜ ಬಿಡಿಸುವುದು ಬೆನ್ನು ಮುರಿಯುವ ಕೆಲಸ. ಹೆಚ್ಚಾಗಿ ಅದು ಹೆಂಗಸರ ಪಾಲು. ಸುಮಾರು ನಾಲ್ಕು ಕಿಲೋ ಬೀಜಕ್ಕೆ ಒಂದು ಲೀಟರ್ ಎಣ್ಣೆ. ಬೀಜದ ಬೆಲೆ ಕಡಿಮೆ ಇಟ್ಟರೆ ಆಯುವವರಿಗೆ ಕೂಲಿ ಗಿಟ್ಟುವುದಿಲ್ಲ. ಹೆಚ್ಚಿಗೆ ಇಟ್ಟರೆ ಎಣ್ಣೆ ಡೀಸೆಲ್‌ಗಿಂತ ದುಬಾರಿ. ಡೀಸೆಲ್ ಯಾಕೆ ಅಗ್ಗ? ಅದರ ಹೊಗೆಯಿಂದಾಗುವ ನಷ್ಟವನ್ನು ಬಂಕಿನಲ್ಲಿ ಯಾರೂ ಬಿಲ್ಲಿಗೆ ಸೇರಿಸುವುದಿಲ್ಲ. ಆ ಬಿಲ್ಲು ತೋಟದಲ್ಲಿ ಬರುತ್ತದೆ, ತೆಂಗಿನ ಮರದ ಹೆಸರಿಗೆ.

ಹಾಗೆಂದು ಮಡೆನೂರಿನ ಪ್ರಯತ್ನ ದಂಡವಾಯಿತು ಎನ್ನಲಾರೆವು. ಆ ಕಾಲದಲ್ಲಿ ಬದುವಿಗೆ ಬಿದ್ದ ಸಸಿಗಳಲ್ಲಿ ಉಳಿದವು ಈಗ ಮರಗಳು. ಡೀಸೆಲ್ ಆಗದಿದ್ದರೂ ನೆರಳಾಗಿವೆ, ಗೊಬ್ಬರವಾಗಿವೆ.

ಕರೆಂಟಿನ ಬೇರು ಎಲ್ಲಿದೆ?

ನಮ್ಮ ರಾಜ್ಯದ ಕರೆಂಟು ಹುಟ್ಟಿದ್ದು ನೀರಿನಲ್ಲಿ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದರು. ಆಮೇಲೆ ಜೋಗ, ಶರಾವತಿ. ನೀರು ಸಾಲದಾದಾಗ ಕಲ್ಲಿದ್ದಲು ಬಂತು. ರಾಯಚೂರು ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ 1985ರಲ್ಲಿ ಶುರುವಾಯಿತು.

ಅದೇ ವರ್ಷಗಳಲ್ಲಿ ನಮ್ಮ ಕೆರೆಗಳಿಗೆ ಹೂಳು ತುಂಬಿತು, ಬೋರ್‌ವೆಲ್ ಬಂತು. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟು ಉಚಿತವಾಯಿತು. ರೈತ ಉಳಿದದ್ದು ಅದರಿಂದಲೇ, ಅದನ್ನು ಕೀಳಾಗಿ ಕಾಣುವುದಿಲ್ಲ. ಆದರೆ ಸರಪಣಿ ನೋಡಿ. ಕೆರೆ ಬತ್ತಿದ್ದರಿಂದ ಬೋರು, ಬೋರಿಗೆ ಕರೆಂಟು, ಕರೆಂಟಿಗೆ ಕಲ್ಲಿದ್ದಲು, ಕಲ್ಲಿದ್ದಲಿನಿಂದ ಕಾವು, ಕಾವಿನಿಂದ ಇನ್ನಷ್ಟು ಆಳದ ಬೋರು. ನಮ್ಮಲ್ಲೊಬ್ಬರ ತಂದೆ ಒಂದೇ ತೋಟದಲ್ಲಿ ಮೂರು ಸಲ ಕೊರೆಸಿದರು. ಮೂರನೆಯದರಲ್ಲಿ ಬಂದದ್ದು ಬರೀ ಧೂಳು. ಸಾಲ ಮಾತ್ರ ಇನ್ನೂ ತೀರಿಲ್ಲ.

2010ರ ದಶಕದ ಸಾಲು ಬರಗಳಲ್ಲಿ ಅರಸೀಕೆರೆ ಸೀಮೆಯ ತೆಂಗು ಸುಳಿ ಬಾಡಿ ನಿಂತದ್ದನ್ನು ಎಲ್ಲರೂ ನೋಡಿದ್ದೇವೆ. 2023ರಲ್ಲಿ ಮತ್ತೆ ಬರ. ರಾಜ್ಯದಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಸಾರಿದರು. ಯಾವುದೇ ಒಂದು ಬರಕ್ಕೆ ಹೊಗೆಯೊಂದೇ ಕಾರಣ ಎನ್ನಲು ಬರುವುದಿಲ್ಲ. ಬರ ಮೊದಲೂ ಇತ್ತು. ಆದರೆ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ತೇವ ಹಿಡಿಯುತ್ತದೆ. ನೆಲದಿಂದ ಬೇಗ ಹೀರುತ್ತದೆ, ಸುರಿದರೆ ಒಂದೇ ಸಲ ಸುರಿಯುತ್ತದೆ. ಹೂಳು ತುಂಬಿದ ಕೆರೆಗೆ ಎರಡನ್ನೂ ತಾಳುವ ಶಕ್ತಿ ಇಲ್ಲ.

ನೀರಿಗಾಗಿ ನಮ್ಮವರು ಬೀದಿಗಿಳಿದದ್ದೂ ಚರಿತ್ರೆಯೇ. ಯಗಚಿ ನೀರನ್ನು ಹಳೇಬೀಡು, ಮಾದಿಹಳ್ಳಿ ಕಡೆಗೆ ತರುವ ರಣಘಟ್ಟ ಯೋಜನೆಗೆ ರೈತರು ವರ್ಷಗಟ್ಟಲೆ ಹೋರಾಡಿದರು. 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದ ಕಡೆ ಎತ್ತಿನಹೊಳೆಯ ಮೊದಲ ಹಂತ ಉದ್ಘಾಟನೆಯಾಯಿತು. ಅಲ್ಲಿ ನೀರನ್ನು ಪಂಪಿನಿಂದ ಮೇಲಕ್ಕೆ ಎತ್ತಬೇಕು, ಘಟ್ಟದ ಕಾಡನ್ನೂ ಕಡಿದಿದ್ದಾರೆ. ಬಾಯಾರಿದವನಿಗೆ ನೀರು ಬೇಡ ಎನ್ನಲು ನಮಗೆ ಬಾಯಿಲ್ಲ. ಬಂದ ನೀರು ನಿಲ್ಲಲು ಕೆರೆ ಸರಿಯಿದೆಯೇ ಎಂದು ಕೇಳುವ ಹಕ್ಕಂತೂ ಇದೆ.

ಹಾಗಾದರೆ ಪಾಲು ಯಾರದು?

ಟೀ ಅಂಗಡಿಯ ದೊಡ್ಡಪ್ಪನ ಪ್ರಶ್ನೆಗೆ ಬರೋಣ. ಕಾರ್ಖಾನೆಗಳ ಕಾಲಕ್ಕೂ ಮುಂಚೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 280 ಭಾಗ ಕಾರ್ಬನ್ ಡೈಆಕ್ಸೈಡ್ ಇತ್ತು. 1958ರಲ್ಲಿ ಹವಾಯಿ ದ್ವೀಪದ ಬೆಟ್ಟದ ಮೇಲೆ ಚಾರ್ಲ್ಸ್ ಕೀಲಿಂಗ್ ಅಳೆಯಲು ಶುರು ಮಾಡಿದಾಗ ಸುಮಾರು 315. ಈಗ 420 ದಾಟಿದೆ. ಈ ಏರಿಕೆಯಲ್ಲಿ ದೊಡ್ಡ ಪಾಲು ಮೊದಲು ಶ್ರೀಮಂತವಾದ ದೇಶಗಳದ್ದು. ಇವತ್ತಿಗೂ ಒಬ್ಬ ಅಮೆರಿಕದವನ ಲೆಕ್ಕಕ್ಕೆ ವರ್ಷಕ್ಕೆ ಸುಮಾರು 14 ಟನ್ ಬರುತ್ತದೆ, ಒಬ್ಬ ಭಾರತೀಯನ ಲೆಕ್ಕಕ್ಕೆ ಸುಮಾರು 2 ಟನ್. ಆ ಎರಡು ಟನ್ ಕೂಡ ಸರಾಸರಿ. ನಗರದ ಎಸಿ, ಕಾರು, ವಿಮಾನದ ಮನೆಯನ್ನೂ ಹಳ್ಳಿಯ ಒಂದು ಬಲ್ಬಿನ ಮನೆಯನ್ನೂ ಕೂಡಿಸಿ ಭಾಗಿಸಿದ್ದು.

ಅಂದರೆ ದೊಡ್ಡಪ್ಪ ಹೇಳಿದ್ದು ಸರಿ. ಸಾಲ ಮಾಡಿದವನು ಬೇರೆ, ಬಡ್ಡಿ ಕಟ್ಟುತ್ತಿರುವವನು ಬೇರೆ.

ಆದರೆ ಹುಡುಗನ ಮಾತೂ ಸುಳ್ಳಲ್ಲ. ಒಟ್ಟು ಲೆಕ್ಕದಲ್ಲಿ ಭಾರತ ಈಗ ಜಗತ್ತಿನಲ್ಲಿ ಮೂರನೇ ಸ್ಥಾನದಲ್ಲಿದೆ. 2070ಕ್ಕೆ ಹೊಗೆಯ ಲೆಕ್ಕವನ್ನು ಸೊನ್ನೆಗೆ ತರುತ್ತೇವೆ ಎಂದು 2021ರಲ್ಲಿ ಗ್ಲಾಸ್ಗೋದಲ್ಲಿ ದೇಶ ಮಾತು ಕೊಟ್ಟಿದೆ. 1992ರಲ್ಲಿ ರಿಯೋ ನಗರದಲ್ಲಿ ದೇಶಗಳು ಸೇರಿದಾಗ ಒಂದು ತತ್ವ ಒಪ್ಪಿದವು: ಹೊಣೆ ಎಲ್ಲರದೂ, ಆದರೆ ಎಲ್ಲರದೂ ಒಂದೇ ಸಮನಲ್ಲ. ಅದನ್ನು ಓದಿದಾಗ ನಮಗೆ ನಗು ಬಂತು. ಹೆಚ್ಚು ಗದ್ದೆ ಇದ್ದವನು ಹೆಚ್ಚು ಆಳು ಕಳಿಸಬೇಕು ಎಂದು ನಮ್ಮ ಕೆರೆ ಏರಿಯ ಮೇಲೆ ನಿಂತು ಹೇಳುತ್ತಿದ್ದದ್ದೂ ಇದೇ ಅಲ್ಲವೇ?

ಕೆರೆಯ ಲೆಕ್ಕದಲ್ಲಿ ಇನ್ನೊಂದು ಮಾತಿದೆ. ಗೌಡರು ಆಳು ಕಳಿಸಲಿಲ್ಲ ಎಂದು ಸಣ್ಣ ರೈತ ಮನೆಯಲ್ಲಿ ಕೂತರೆ ಏರಿ ಒಡೆಯುತ್ತದೆ. ಒಡೆದ ಏರಿ ಮೊದಲು ನುಂಗುವುದು ತಗ್ಗಿನ ಗುಡಿಸಲನ್ನು. ಅದಕ್ಕೇ ಅವನು ಎರಡು ಕೆಲಸ ಮಾಡಬೇಕಾಗುತ್ತಿತ್ತು: ತನ್ನ ಬುಟ್ಟಿ ಮಣ್ಣು ಹೊರುವುದು, ಪಂಚಾಯ್ತಿಯಲ್ಲಿ ಎದ್ದು ನಿಂತು ಗೌಡರ ಪಾಲು ಕೇಳುವುದು. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟರೆ ಕೆರೆ ಉಳಿಯುತ್ತಿರಲಿಲ್ಲ.

ಇವತ್ತು ನಮ್ಮ ಕೈಗೆ ಏನೇನು ಬಂದಿದೆ? ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ. ಜಮೀನಿನವರಿಗೆ ಗುತ್ತಿಗೆ ಹಣ ಬಂತು. ಆ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದವರಿಗೆ ಗುತ್ತಿಗೆ ಇಲ್ಲ, ಕೂಲಿಯೂ ಇಲ್ಲ. ಹೂಳು ಹೊತ್ತವನಿಗೆ ನೀರಿಲ್ಲದ ಹಳೇ ಕಥೆಯೇ. 2019ರಿಂದ ಕುಸುಮ್ ಯೋಜನೆಯಲ್ಲಿ ಸೋಲಾರ್ ಪಂಪು ಬರುತ್ತಿವೆ. ಹೊಗೆ ಇಲ್ಲ, ಒಳ್ಳೆಯದು. ಆದರೆ ಬಿಸಿಲು ಬಿಟ್ಟಿ ಎಂದು ಹಗಲೆಲ್ಲ ಪಂಪು ಓಡಿಸಿದರೆ ನೆಲದಡಿಯ ನೀರು ಇನ್ನೂ ಬೇಗ ಮುಗಿಯುತ್ತದೆ. ಯಂತ್ರ ಬದಲಾದರೆ ಸಾಲದು, ನೀರುಗಂಟಿ ಬೇಕು.

ನಮ್ಮ ಊರುಗಳು ಮಾಡಬಹುದಾದದ್ದು ಸಣ್ಣದೇ, ಆದರೆ ನಮಗೆ ಗೊತ್ತಿರುವುದೇ. ಉದ್ಯೋಗ ಖಾತ್ರಿ ಕೂಲಿಯಲ್ಲಿ ಕೆರೆ ಹೂಳು, ರಾಜಕಾಲುವೆಯ ಒತ್ತುವರಿ ತೆರವು, ಬದುವಿನಲ್ಲಿ ಹೊಂಗೆ, ತೆಂಗಿನ ಬುಡಕ್ಕೆ ಗರಿಯ ಮುಚ್ಚಿಗೆ. ಇವು ಅಮೆರಿಕದ ಹೊಗೆಯನ್ನು ನಿಲ್ಲಿಸುವುದಿಲ್ಲ, ಬರುವ ಬರವನ್ನು ತಾಳಲು ನೆಲಕ್ಕೆ ಬಲ ಕೊಡುತ್ತವೆ. ಜೊತೆಗೆ ದೊಡ್ಡ ಗದ್ದೆಯವರ ಪಾಲು ಕೇಳುವುದು: ತೆಂಗಿಗೆ ಬರ ಪರಿಹಾರ, ಬೆಳೆ ವಿಮೆ, ಆಯ್ದ ಬೀಜಕ್ಕೆ ನ್ಯಾಯದ ಬೆಲೆ. ಅದನ್ನು ಭಿಕ್ಷೆ ಎಂದು ಕೇಳಬೇಕಾಗಿಲ್ಲ. ಅದು ಬಾಕಿ.

ಮುಂದಿನ ಗ್ರಾಮಸಭೆಯ ದಿನ ಒಂದು ಪ್ರಶ್ನೆ ಕೇಳಿ ನೋಡಿ: ನಮ್ಮ ಕೆರೆಯ ಹೂಳು ಕೊನೆಯ ಸಲ ತೆಗೆದದ್ದು ಯಾವ ವರ್ಷ? ನಮ್ಮಲ್ಲೊಬ್ಬರು ತಮ್ಮ ಊರಿನಲ್ಲಿ ಕೇಳಿದರು. ಉತ್ತರ ಹೇಳಲು ಎದ್ದು ನಿಂತವರು ಒಬ್ಬರೇ, ಎಂಬತ್ತು ದಾಟಿದ ಅಜ್ಜಿ. ವರ್ಷ ಅವರಿಗೂ ನೆನಪಿರಲಿಲ್ಲ. ಎಷ್ಟು ಬುಟ್ಟಿ ಹೊತ್ತಿದ್ದರೆಂಬುದು ನೆನಪಿತ್ತು.